ಸಿನಿಮಾದಲ್ಲಿ ಇವರೆಲ್ಲ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ?

ಯಾವ ಸಿನಿಮಾ ನೋಡಿದರೂ ನಾನು ಮೊದಲು ಹುಡುಕುವುದು ಒಂದೇ ಸಂಗತಿ. ಈ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ? ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ, ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಸಾಲ ಎಷ್ಟಿದೆ? ಇಷ್ಟು ಗೊತ್ತಾದರೆ ಸಾಕು, ಆಮೇಲೆ ಅವನು ಅತ್ತರೆ ನಾನೂ ಅಳುತ್ತೇನೆ, ಹತ್ತು ಜನರನ್ನು ಹೊಡೆದರೂ ನಂಬುತ್ತೇನೆ. ಗೊತ್ತಾಗದೇ ಹೋದರೆ ಎಷ್ಟೇ ಚೆನ್ನಾಗಿ ತೆಗೆದಿರಲಿ, ಮನಸ್ಸು ಒಳಗೆ ಹೋಗುವುದೇ ಇಲ್ಲ. ಇತ್ತೀಚೆಗೆ ಮನೆಯಲ್ಲೂ ಟಾಕೀಸಿನಲ್ಲೂ ನೋಡಿದ ಸಿನಿಮಾಗಳ ಬಗ್ಗೆ ಬರೆಯೋಣ ಅಂತ ಕೂತರೆ ಎಲ್ಲದಕ್ಕೂ ಇದೇ ಪ್ರಶ್ನೆ ಅಡ್ಡ ಬರುತ್ತಿದೆ. ಹಾಗಾಗಿ ಅದನ್ನೇ ಹಿಡಿದುಕೊಂಡು ಬರೆಯುತ್ತೇನೆ. ಹೊಸದೂ ಇವೆ, ಹಳೆಯದೂ ಇವೆ.

ಮೊದಲು ‘ಶಿವಮ್ಮ ಯರೇಹಂಚಿನಾಳ’. 2024ರ ಜೂನ್‌ನಲ್ಲಿ ಬಿಡುಗಡೆಯಾದ ಸಿನಿಮಾ. ನಾನು ನೋಡಿದ್ದು ಮನೆಯಲ್ಲಿ, ಅವ್ವನ ಜೊತೆ ಕೂತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಊರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ. ಗಂಡನಿಗೆ ಲಕ್ವ ಹೊಡೆದಿದೆ. ಮಗಳ ಮದುವೆ ಆಗಬೇಕು. ಮನೆಯ ಭಾರವೆಲ್ಲ ಇವಳ ತಲೆ ಮೇಲೆ. ಇಂಥವಳು ‘ನ್ಯೂರಾಕಲ್’ ಅನ್ನೋ ಶಕ್ತಿಪೇಯ ಮಾರುವ ಚೈನ್ ಮಾರ್ಕೆಟಿಂಗ್‌ಗೆ ಸೇರಿ, ಕೂಡಿಟ್ಟ ದುಡ್ಡು ಹಾಕಿ, ಊರವರಿಗೆಲ್ಲ ಅದನ್ನು ಕುಡಿಸಲು ಹೊರಡುತ್ತಾಳೆ. ನಿರ್ದೇಶಕ ಜೈಶಂಕರ್ ಆರ್ಯರ್ ಅವರ ಊರೂ ಅದೇ. ಶಿವಮ್ಮನಾಗಿ ನಟಿಸಿದ ಶರಣಮ್ಮ ಚೆಟ್ಟಿ ವೃತ್ತಿ ಕಲಾವಿದೆ ಅಲ್ಲ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಈ ಸಿನಿಮಾಕ್ಕೆ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂದಿತ್ತು. ಅಷ್ಟು ದೂರದ ದಕ್ಷಿಣ ಕೊರಿಯಾದವರಿಗೆ ಅರ್ಥವಾದ ಶಿವಮ್ಮ ನಮ್ಮ ಜಿಲ್ಲೆಗಳ ಟಾಕೀಸಿನಲ್ಲಿ ಇನ್ನಷ್ಟು ದಿನ ಓಡಬೇಕಿತ್ತು.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಅವ್ವ “ಈಕಿ ನಮ್ಮ ಓಣಿ ಹೆಣ್ಣಮಗಳ ಇದ್ದಂಗ ಅದಾಳ ನೋಡ” ಅಂದಳು. ಮಾತು, ನಡಿಗೆ, ಎದುರಿನವರು ಬೇಡ ಅಂದರೂ ಬಿಡದೆ ಒತ್ತಾಯ ಮಾಡುವ ರೀತಿ, ಎಲ್ಲಾ ನಮ್ಮ ಕಡೆಯದ್ದೇ. ನಮ್ಮ ಚಿಗವ್ವ ಒಬ್ಬರು ಇಂಥದ್ದೇ ಒಂದು ಕಂಪನಿಗೆ ಸೇರಿದ್ದರು. ಅವರ ಮನೆಯ ಮಂಚದ ಕೆಳಗೆ ಪುಡಿ ಡಬ್ಬಿಗಳ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಇರುತ್ತಿದ್ದವು. ನಿಮ್ಮ ಕೆಳಗೆ ಇಬ್ಬರು, ಅವರ ಕೆಳಗೆ ಮತ್ತೆ ಇಬ್ಬರು ಅಂತ ನೋಟ್‌ಬುಕ್ ಹಾಳೆಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಯಾರೂ ಸೇರಲಿಲ್ಲ. ಡಬ್ಬಿ ಮೇಲಿನ ತಾರೀಖು ಮುಗಿಯುತ್ತೆ ಅಂತ ಕೊನೆಗೆ ತಾವೇ ದಿನಕ್ಕೆರಡು ಹೊತ್ತು ಕಲಸಿಕೊಂಡು ಕುಡಿದರು. ನೆಂಟರು ಅವರನ್ನು ಕಂಡರೆ ದಾರಿ ತಪ್ಪಿಸಿ ಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ಅದು ದುರಾಸೆ.

ಈ ಸಿನಿಮಾ ಆ ದುರಾಸೆ ಅನ್ನೋ ಮಾತಿನ ಹತ್ತಿರವೂ ಹೋಗುವುದಿಲ್ಲ. ಬಿಸಿಯೂಟದವರಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ತಿಂಗಳಿಗೆ ಕೆಲವು ಸಾವಿರ. ಅದಕ್ಕಾಗಿ ಅವರು ಎಷ್ಟು ಸಲ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತಿದ್ದಾರೆ ಅಂತ ಪೇಪರ್ ಓದುವವರಿಗೆಲ್ಲ ಗೊತ್ತು. ಆ ದುಡ್ಡಿನಲ್ಲಿ ಔಷಧಿ ಆಗಬೇಕು, ಊಟ ಆಗಬೇಕು, ಮದುವೆಗೂ ಉಳಿಯಬೇಕು. ಹೇಗೆ ಕೂಡಿಸಿದರೂ ಲೆಕ್ಕ ಹೊಂದುವುದಿಲ್ಲ. ಯಾರೋ ಬಂದು ಹೊಂದಿಸಿ ತೋರಿಸುತ್ತೇನೆ ಅಂದರೆ ಕೈ ಚಾಚದೆ ಇರುವುದು ಕಷ್ಟ, ಅಲ್ವಾ? ಶಿವಮ್ಮ ಮೋಸ ಹೋದವಳ ಹಾಗೆ ಮೂಲೆಯಲ್ಲಿ ಕೂತು ಅಳುವುದಿಲ್ಲ. ಹಟ ಮಾಡುತ್ತಾಳೆ, ಜಗಳ ಆಡುತ್ತಾಳೆ, ಮನೆಯವರ ಮಾತು ಕೇಳುವುದೇ ಇಲ್ಲ. ನೋಡುತ್ತಾ ನನಗೆ ಅವಳ ಮೇಲೆ ಸಿಟ್ಟು ಬಂದಿತು. ಆ ಸಿಟ್ಟು ಬರಲು ಬಿಟ್ಟಿದ್ದೇ ನಿರ್ದೇಶಕರ ದೊಡ್ಡತನ. ಬಡವರನ್ನು ಬರೀ ಒಳ್ಳೆಯವರನ್ನಾಗಿ ತೋರಿಸಿ ಕನಿಕರ ಹುಟ್ಟಿಸುವುದು ಸುಲಭ. ಶಿವಮ್ಮನಿಗೆ ಮೇಲೆ ಬರಬೇಕು ಅನ್ನೋ ಆಸೆ ಇದೆ, ಆ ಆಸೆಗೆ ಸಿನಿಮಾ ಮರ್ಯಾದೆ ಕೊಡುತ್ತದೆ.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು ಉತ್ಸವ್ ಗೋನವಾರ ಅವರ ‘ಫೋಟೋ’. ಇದನ್ನೂ ನೋಡಿದ್ದು ಮನೆಯಲ್ಲೇ. ರಾಯಚೂರು ಕಡೆಯ ಹುಡುಗ ದುರ್ಗ್ಯಾ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನೋದು ಹುಡುಗನ ಆಸೆ. ಅವನು ಬೆಂಗಳೂರಿಗೆ ಬಂದ ಹೊತ್ತಿಗೇ ಲಾಕ್‌ಡೌನ್. 2020ರ ಮಾರ್ಚ್ 25ರಿಂದ 21 ದಿನ ಎಲ್ಲಾ ಬಂದ್ ಅಂದಾಗ ಕೂಲಿಯವರಿಗೆ ಕೆಲಸವೂ ಇಲ್ಲ, ಬಸ್ಸೂ ಇಲ್ಲ. ರಾಯಚೂರು 400 ಕಿಲೋಮೀಟರ್ ಆಸುಪಾಸು. ಅಪ್ಪ ಮಗ ನಡೆಯಲು ಶುರು ಮಾಡುತ್ತಾರೆ.

ಆಮೇಲೆ ಸಿನಿಮಾ ಅವರ ಜೊತೆ ನಡೆಯುತ್ತದೆ, ಅಷ್ಟೇ. ಯಾರೂ ಭಾಷಣ ಮಾಡುವುದಿಲ್ಲ. ನಮ್ಮ ಹಾವೇರಿ ಪಕ್ಕದ ಹೆದ್ದಾರಿಯಲ್ಲಿ ಆ ಬೇಸಿಗೆ ಜನ ಹೀಗೇ ನಡೆದು ಹೋಗುತ್ತಿದ್ದರು. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು. ಊರವರು ಮಂಡಕ್ಕಿ, ಅವಲಕ್ಕಿ, ನೀರಿನ ಬಾಟಲಿ ಕೊಡುತ್ತಿದ್ದರು. ಒಬ್ಬಾತ ನೀರು ಕುಡಿಯಲು ನಿಂತವನು ಚಪ್ಪಲಿ ಬಿಚ್ಚಿ, ಹರಿದ ಬಾರಿಗೆ ಬದಲಾಗಿ ಪ್ಲಾಸ್ಟಿಕ್ ದಾರ ಸುತ್ತಿ, ಗಂಟು ಬಿಗಿಯಾಗಿದೆಯಾ ಅಂತ ಎರಡು ಸಲ ಎಳೆದು ನೋಡಿ ಮತ್ತೆ ಹೊರಟ. ‘ಫೋಟೋ’ ನೋಡುವಾಗ ಪೂರ್ತಿ ಆತನೇ ಕಣ್ಣ ಮುಂದೆ ಇದ್ದ. ಅಪ್ಪನಾಗಿ ಮಹದೇವ ಹಡಪದ ಅಭಿನಯ ಮಾಡಿದ್ದಾರೆ ಅಂತ ಅನಿಸುವುದೇ ಇಲ್ಲ. ಮಗನ ಮುಂದೆ ಧೈರ್ಯ ತೋರಿಸಬೇಕಾದ, ಒಳಗೆ ಏನೂ ದಾರಿ ಕಾಣದ ಮನುಷ್ಯ ಆತ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ಕಟ್ಟಡ ಕಟ್ಟುವ ಕೂಲಿಯ ಮಗನಿಗೆ ಆ ಕಟ್ಟಡದ ಮುಂದೆ ಒಂದು ನಿಮಿಷ ನಿಲ್ಲುವುದು ಇಷ್ಟು ದೊಡ್ಡ ಮಾತಾಗುತ್ತದಲ್ಲ, ಅದು ಈಗಲೂ ಎದೆಯಲ್ಲಿ ಕೂತಿದೆ. ಕೊನೆ ಏನಾಗುತ್ತೆ ಅಂತ ಹೇಳುವುದಿಲ್ಲ. ನೋಡಿ.

‘ಫೋಟೋ’ದಲ್ಲಿ ಊರಿನಲ್ಲಿ ಉಳಿದ ತಾಯಿಯಾಗಿ ಮಾಡಿದವರು ಸಂಧ್ಯಾ ಅರಕೆರೆ. ಅವರನ್ನೇ ಮುಂದಿನ ವರ್ಷ ‘ಸು ಫ್ರಂ ಸೋ’ದಲ್ಲಿ ಭಾನು ಆಗಿ ನೋಡಿದೆ. ಇದು ಟಾಕೀಸಿನಲ್ಲಿ ನೋಡಿದ್ದು. 2025ರ ಜುಲೈ 25ಕ್ಕೆ ಬಂದ ಸಿನಿಮಾ. ದೊಡ್ಡ ಹೀರೋ ಇಲ್ಲ, ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ಅವರೇ ಮುಖ್ಯ ಪಾತ್ರದಲ್ಲಿ. ಆದರೂ ಹೌಸ್‌ಫುಲ್ ಬೋರ್ಡು. ಇಷ್ಟು ಜನ ಒಟ್ಟಿಗೆ ನಕ್ಕಿದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ. ಮುಂದಿನ ಸಾಲಿನ ನಗು ಮುಗಿಯುವುದರೊಳಗೆ ಹಿಂದಿನ ಸಾಲಿನವರು ಶುರು ಮಾಡುತ್ತಿದ್ದರು, ಎಷ್ಟೋ ಮಾತು ಕೇಳಿಸಲೇ ಇಲ್ಲ. ಕರಾವಳಿಯ ಕನ್ನಡ ಹಾವೇರಿಯವರಿಗೆ ಅರ್ಥವಾಗುತ್ತಾ ಅಂತ ಯಾರಾದರೂ ಅನುಮಾನ ಪಟ್ಟಿದ್ದರೆ ಅವತ್ತು ಅಲ್ಲಿಗೆ ಬರಬೇಕಿತ್ತು.

ನನಗೆ ಇಷ್ಟವಾದದ್ದು ಆ ಊರು. ಮದುವೆ ಇರಲಿ, ಸಾವು ಇರಲಿ, ದೆವ್ವ ಇರಲಿ, ಊರಿಗೆ ಊರೇ ಸೇರುತ್ತದೆ. ಶನೀಲ್ ಗೌತಮ್ ಮಾಡಿದ ರವಿಯಣ್ಣ ಎಲ್ಲದಕ್ಕೂ ಮುಂದೆ. ಇಂಥ ಒಬ್ಬ ಅಣ್ಣ ಎಲ್ಲ ಊರಿನಲ್ಲೂ ಇರುತ್ತಾನೆ. ಆದರೆ ಊರವರು ದೆವ್ವ ಅಂತ ನಂಬಿದ ಸುಲೋಚನಾಳ ಕಥೆ ಭಾನುವಿನ ಮನೆ ಬಾಗಿಲಿಗೆ ಬಂದ ಮೇಲೆ ನಗು ನಿಂತು ಬೇರೆ ಏನೋ ಶುರುವಾಗುತ್ತದೆ. ಅಲ್ಲಿ ನನಗೊಂದು ಕೊರತೆ ಇದೆ. ಊರಿನ ಗಂಡಸರನ್ನೆಲ್ಲ ಅಷ್ಟು ಹೊತ್ತು ಕೂರಿಸಿ ಪರಿಚಯ ಮಾಡಿಸಿದ ಸಿನಿಮಾ ಭಾನುವಿಗೂ ಇನ್ನೊಂದಿಷ್ಟು ಹೊತ್ತು ಕೊಡಬೇಕಿತ್ತು. ಅವಳ ಕಷ್ಟ ನಮಗೆ ತಿಳಿಯುತ್ತದೆ, ಅವಳ ದಿನ ಹೇಗೆ ಕಳೆಯುತ್ತದೆ ಅಂತ ತಿಳಿಯುವುದಿಲ್ಲ. ಸಂಧ್ಯಾ ಅವರಂಥ ನಟಿ ಇದ್ದಾಗ ಇದು ಜಾಸ್ತಿ ಕಾಡುತ್ತದೆ.

ಇದೇ ಸಿನಿಮಾದಲ್ಲಿ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದ ಪ್ರಕಾಶ್ ತುಮಿನಾಡು ಅವರನ್ನು ‘ಮಿಥ್ಯ’ದಲ್ಲಿ ನೋಡಿ. ಸುಮಂತ್ ಭಟ್ ನಿರ್ದೇಶನ, 2025ರ ಮಾರ್ಚ್. ಅಪ್ಪ ಅಮ್ಮನನ್ನು ಕಳೆದುಕೊಂಡ 11 ವರ್ಷದ ಮಿಥುನ್ ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಆ ಮನೆಯ ಯಜಮಾನ ಈ ಪ್ರಕಾಶ್. ಅಷ್ಟೇನೂ ಉಳ್ಳ ಮನೆಯಲ್ಲ. ಹುಡುಗನನ್ನು ಸಮಾಧಾನ ಮಾಡಲು ಅವರಿಗೆ ದೊಡ್ಡ ಮಾತು ಬರುವುದಿಲ್ಲ, ಸುಮ್ನೆ ಜೊತೆಗೆ ಇರುತ್ತಾರೆ. ಆತಿಶ್ ಶೆಟ್ಟಿ ಅನ್ನೋ ಆ ಹುಡುಗ ಮಾತೇ ಆಡದೆ ಪೂರ್ತಿ ಸಿನಿಮಾ ಹೊತ್ತಿದ್ದಾನೆ. ಇದನ್ನು ಮನೆಯಲ್ಲಿ ನೋಡುವುದಾದರೆ ಫೋನ್ ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ.

‘ಶಾಖಾಹಾರಿ’ ನೋಡದೇ ಇದ್ದವರು ನೋಡಬೇಕು. ರಂಗಾಯಣ ರಘು ಮಲೆನಾಡಿನಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಒಲೆ, ಈಳಿಗೆ, ತರಕಾರಿ, ಹೆಂಚಿನ ಮಾಡಿನ ಮೇಲೆ ಮಳೆ. ಆ ಮನುಷ್ಯ ಅಡುಗೆಮನೆಯಲ್ಲಿ ಓಡಾಡುವುದನ್ನು ನೋಡಿದರೆ ಮೂವತ್ತು ವರ್ಷದಿಂದ ಅಲ್ಲೇ ದೋಸೆ ಹೊಯ್ದವರು ಅಂತ ನಂಬುತ್ತೀರಿ. ಅಷ್ಟು ನಂಬಿದ್ದಕ್ಕೇ ಆಮೇಲೆ ಆ ಅಡುಗೆಮನೆಯಲ್ಲಿ ನಡೆಯುವುದು ಬೆನ್ನುಹುರಿ ನಡುಗಿಸುತ್ತದೆ. ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ ಅವರೂ ಅಷ್ಟೇ ಚೆನ್ನಾಗಿದ್ದಾರೆ. ಕೊಲೆಯ ಕಥೆಗಳು ಬೇಕಾದಷ್ಟಿವೆ, ಕೆಲಸ ಗೊತ್ತಿರುವವರ ಕೊಲೆಯ ಕಥೆ ಕಡಿಮೆ.

ಇಷ್ಟೆಲ್ಲ ಹೇಳಿದರೆ ಇವನಿಗೆ ದೊಡ್ಡ ಸಿನಿಮಾ ಆಗುವುದಿಲ್ಲ ಅಂದುಕೊಳ್ಳಬೇಡಿ. ‘ಕಾಂತಾರ: ಚಾಪ್ಟರ್ 1’ ಮನೆಯವರೆಲ್ಲ ಟಾಕೀಸಿಗೆ ಹೋಗಿ ನೋಡಿದೆವು. ಕೆಲಸದಲ್ಲಿ ಒಂದು ಚೂರೂ ಕಳ್ಳತನ ಇಲ್ಲ. ಆದರೆ ಎಲ್ಲರೂ ಕ್ಲೈಮ್ಯಾಕ್ಸ್ ಬಗ್ಗೆ ಮಾತಾಡುತ್ತಿದ್ದರೆ ನನಗೆ ನೆನಪಿರುವುದು ಬಂದರಿನ ಭಾಗ. ಕಾಡಿನ ಜನ ತಮ್ಮ ಸಾಂಬಾರ ಪದಾರ್ಥವನ್ನು ತಾವೇ ಬಂದರಿಗೆ ತಂದು ವ್ಯಾಪಾರಕ್ಕೆ ಇಳಿಯುತ್ತಾರಲ್ಲ, ಜಗಳದ ಬೇರು ಇರುವುದು ಅಲ್ಲಿ. ಬೆಳೆದವನು ಬೆಲೆ ಕೇಳಿದ ಕೂಡಲೇ ರಾಜನಿಗೆ ಉರಿ ಹತ್ತುತ್ತದೆ. ಆ ಎಳೆಯನ್ನು ಇನ್ನೂ ಎಳೆಯಬೇಕಿತ್ತು. ಯುದ್ಧ ಸ್ವಲ್ಪ ಕಡಿಮೆಯಾಗಿದ್ದರೂ ನಡೆಯುತ್ತಿತ್ತು.

ಹೇಳಬೇಕೆಂದರೆ ಹೊಟ್ಟೆಪಾಡಿನಿಂದ ಕಥೆ ಹುಟ್ಟುವುದು ನಮ್ಮ ದೊಡ್ಡ ಸಿನಿಮಾಗಳ ಹಳೆಯ ಗುಣವೇ. ಹೋದ ವಾರ ಟೀವಿಯಲ್ಲಿ ‘ಬಂಗಾರದ ಮನುಷ್ಯ’ ಬಂತು. 1972ರ ಸಿನಿಮಾ, ಅವ್ವನಿಗೆ ಬಾಯಿಪಾಠ. ರಾಜೀವ ಯಾಕೆ ಊರಿನಲ್ಲಿ ಉಳಿಯುತ್ತಾನೆ? ಅಕ್ಕನ ಮನೆಯ ಅನ್ನದ ಪ್ರಶ್ನೆಗಾಗಿ. ಕಲ್ಲುಬಂಡೆ ತುಂಬಿದ ನೆಲ, ಅದರಲ್ಲಿ ಬೇಸಾಯ. ಅದೇ ನಿರ್ದೇಶಕ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ನೋಡಿದರೆ ಸಾಲ ಕೊಟ್ಟವನು ಮತ್ತು ತಗೊಂಡವನ ನಡುವಿನ ಹಗೆ. ಆ ಕಾಲದ ದೊಡ್ಡ ಹೀರೋಗಳು ಪರದೆ ಮೇಲೆ ಬೆವರು ಸುರಿಸಿ ದುಡಿಯುತ್ತಿದ್ದರು. ಈಗಿನ ಎಷ್ಟೋ ಮಾಸ್ ಸಿನಿಮಾಗಳಲ್ಲಿ ಹೀರೋ ಮನೆಗೆ ಅಕ್ಕಿ ಎಲ್ಲಿಂದ ಬರುತ್ತದೆ ಅಂತಲೇ ಗೊತ್ತಾಗುವುದಿಲ್ಲ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗಗಳನ್ನು ಮತ್ತೆ ನೋಡಿದೆ. ಮೊದಲ ಭಾಗವೇ ಮೇಲು ಅಂತ ನನ್ನ ಹಟ. ಮನು ಒಬ್ಬ ಡ್ರೈವರ್. ಪ್ರಿಯಾಳ ಜೊತೆ ಒಂದು ಸ್ವಂತ ಮನೆ ಮಾಡಬೇಕು ಅನ್ನೋ ಆಸೆಗೆ ಧಣಿಯ ಮಗ ಮಾಡಿದ ಅಪಘಾತವನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಇದನ್ನು ಎಲ್ಲರೂ ಪ್ರೇಮಕಥೆ ಅನ್ನುತ್ತಾರೆ. ಸಂಬಳದಲ್ಲಿ ಮನೆ ಕಟ್ಟಲಾಗದ ಹುಡುಗನ ಕಥೆಯೂ ಹೌದು. ಬೆಂಗಳೂರಿನಲ್ಲಿ ಸೈಟ್ ರೇಟ್ ಕೇಳಿದ ಯಾರಿಗಾದರೂ ಮನುವಿನ ಆ ತೀರ್ಮಾನ ಹುಚ್ಚು ಅನಿಸುವುದಿಲ್ಲ. ಎರಡನೇ ಭಾಗದಲ್ಲಿ ಹೊಡೆದಾಟ ಬಂದು ಸೇರಿಕೊಂಡಿತು, ಆ ಬಿಗಿ ಹೋಯಿತು. ರುಕ್ಮಿಣಿ ವಸಂತ್ ಮಾತ್ರ ಎರಡರಲ್ಲೂ ಕಣ್ಣಲ್ಲೇ ಮಾತಾಡುತ್ತಾರೆ.

ಟಿಕೆಟ್ ವಿಷಯ ಒಂದು ಮಾತು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ, ಅಂದರೆ 2025ರಲ್ಲಿ, ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಶಿವಮ್ಮನಂಥವರ ಕಥೆಯನ್ನು ಶಿವಮ್ಮನಂಥವರೇ ಟಾಕೀಸಿಗೆ ಬಂದು ನೋಡಲಾಗದ ದರ ಇದ್ದರೆ ನನಗೆ ಸಂಕಟ ಆಗುತ್ತದೆ.

ಕೊನೆಗೆ ನನ್ನದೊಂದು ಬೇಡಿಕೆ, ಸಿನಿಮಾ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ. ನಮ್ಮ ಪಕ್ಕದ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸೀಸನ್ನಿನಲ್ಲಿ ಒಂದು ಸಲ ಬನ್ನಿ. ಕಣ್ಣು ಹಾಯುವಷ್ಟು ದೂರ ಕೆಂಪು ಚೀಲಗಳು. ತೊಟ್ಟು ಬಿಡಿಸುವ ಹೆಂಗಸರು ಘಾಟಿಗೆ ಮೂಗಿಗೆ ಸೆರಗು ಸುತ್ತಿಕೊಂಡು ಕೂತಿರುತ್ತಾರೆ. ಅವರು ಬಿಡಿಸಿದ ಮೆಣಸಿನಕಾಯಿಯ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. 2024ರ ಮಾರ್ಚ್ 11, ಸೋಮವಾರ, ಅಲ್ಲಿ ದರ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದೇ ವಾರದ ಶುಕ್ರವಾರ ‘ಫೋಟೋ’ ಬಿಡುಗಡೆ. ಟೀವಿಯಲ್ಲಿ ಎಲ್ಲರೂ ಬೆಂಕಿಯನ್ನು ನೋಡಿದರು. ನನಗೆ ನೋಡಬೇಕಾಗಿರುವುದು ಆ ದಿನ ಕತ್ತಲಿರುವಾಗಲೇ ಚೀಲ ಹೇರಿಕೊಂಡು ಮನೆಯಿಂದ ಹೊರಟ ಒಬ್ಬ ರೈತನನ್ನು. ಅವನು ಎಷ್ಟು ದರ ಸಿಗುತ್ತೆ ಅಂದುಕೊಂಡಿದ್ದ, ಯಾರ ಸಾಲ ತೀರಿಸಬೇಕಿತ್ತು, ಟೆಂಡರ್ ದರ ಕೇಳಿದ ಮೇಲೆ ಮನೆಗೆ ಫೋನ್ ಮಾಡಿ ಏನಂದ. ಇದನ್ನು ಯಾರಾದರೂ ತೆಗೆಯಿರಿ. ಮೊದಲ ಶೋಗೆ ಅವ್ವನನ್ನು ಕರೆದುಕೊಂಡು ನಾನು ಬರುತ್ತೇನೆ.