ಗಲ್ಲ ಮುಟ್ಟಿದರೆ ಕತ್ತು ನೆಟ್ಟಗಾಗುತ್ತಾ? ಹಾಗಾದರೆ ಅದು ನಾಟಕವೇ?

"ಕತ್ತು, ಕೈಕಾಲು ತಿರುಚಿಕೊಂಡು, ಮುಟ್ಟಿದ ತಕ್ಷಣ ಸರಿಹೋದರೆ ಅದು ಮಾನಸಿಕ ಕಾಯಿಲೆ, ಇಲ್ಲವೇ ನಾಟಕ" ಎನ್ನುವ ಮೆಸೇಜ್ ಫಾರ್ವರ್ಡ್ ಆಗುತ್ತಿದೆ. ಇದು ತಪ್ಪು.

ಡಿಸ್ಟೋನಿಯಾ ಎಂಬ ನರದ ಕಾಯಿಲೆ ಇದೆ. ಜರ್ಮನಿಯ ವೈದ್ಯ ಹರ್ಮನ್ ಒಪ್ಪೆನ್‌ಹೈಮ್ 1911ರಲ್ಲಿ ಇಟ್ಟ ಹೆಸರು ಅದು. ಚಲನೆಯನ್ನು ಹದದಲ್ಲಿಡುವ ಮೆದುಳಿನ ವ್ಯವಸ್ಥೆ ತಪ್ಪಿದಾಗ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಕತ್ತು ಒಂದು ಕಡೆಗೆ ತಿರುಗಿ ನಿಂತುಬಿಡುತ್ತದೆ. ಆದರೆ ಕೆಲವರು ಗಲ್ಲಕ್ಕೆ ಒಂದು ಬೆರಳು ತಾಗಿಸಿದರೆ ಸಾಕು, ಕತ್ತು ನೆಟ್ಟಗಾಗುತ್ತದೆ. ಬಲ ಹಾಕಿ ತಳ್ಳಬೇಕಿಲ್ಲ, ಸುಮ್ನೆ ಮುಟ್ಟಿದರೆ ಆಯಿತು. ನೋಡಿದವರಿಗೆ ಅನುಮಾನ ಬರುವುದು ಸಹಜ ಅಲ್ವಾ? ವೈದ್ಯರಿಗೆ ಮಾತ್ರ ಇದೇ ಡಿಸ್ಟೋನಿಯಾದ ಸುಳಿವು. ಮುಂದಕ್ಕೆ ನಡೆಯುವಾಗ ಪಾದ ತಿರುಚಿಕೊಳ್ಳುವ ಕೆಲವರು ಹಿಂದಕ್ಕೆ ಸಲೀಸಾಗಿ ನಡೆಯುವುದೂ ಉಂಟು.

ಮಕ್ಕಳಲ್ಲಿ ಬರುವ ಒಂದು ಬಗೆ ನನ್ನನ್ನು ಜಾಸ್ತಿ ಕಾಡುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಾಡಿದ ಮಗು ಸಂಜೆಗೆ ಕಾಲೆಳೆಯುತ್ತದೆ. ದೊಡ್ಡವರು ಹಟ ಅಂದುಕೊಳ್ಳುತ್ತಾರೆ. ಜಪಾನಿನ ವೈದ್ಯ ಮಸಾಯಾ ಸೆಗಾವಾ ವಿವರಿಸಿದ ಈ ಕಾಯಿಲೆಗೆ ಲೆವೊಡೋಪಾ ಎಂಬ ಔಷಧಿ ಸಣ್ಣ ಪ್ರಮಾಣದಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಗುರುತಿಸದೆ ವರ್ಷಗಟ್ಟಲೆ ಕಳೆದರೆ ಆ ಮಗುವಿಗೆ ಎಂಥ ಅನ್ಯಾಯ!

ಮಾನಸಿಕ ಕಾಯಿಲೆ ಎಂದು ತಪ್ಪಾಗಿ ಅಂದುಕೊಳ್ಳಬಹುದಾದ ಇನ್ನೊಂದು ವಿಲ್ಸನ್ ಕಾಯಿಲೆ. ಇದರಲ್ಲಿ ದೇಹದಲ್ಲಿ ತಾಮ್ರ ಸೇರಿಕೊಂಡು ನಡುಕದ ಜೊತೆ ಸಿಟ್ಟು, ಖಿನ್ನತೆಯೂ ಬರಬಹುದು. ರಕ್ತ, ಮೂತ್ರ, ಕಣ್ಣಿನ ಪರೀಕ್ಷೆಯಿಂದ ಪತ್ತೆಗೆ ದಾರಿಯಾಗುತ್ತದೆ.

ಒತ್ತಡದಲ್ಲಿ ನಡುಕ ಹೆಚ್ಚುವುದೂ ನಾಟಕಕ್ಕೆ ಸಾಕ್ಷಿಯಲ್ಲ. ಪಾರ್ಕಿನ್ಸನ್ ಎಂಬ ಮೆದುಳಿನ ಕಾಯಿಲೆಯ ನಡುಕವೂ ಹಾಗೇ ಹೆಚ್ಚುತ್ತದೆ. ಇಂಥ ಚಲನೆ ಕಂಡರೆ ಮೊಬೈಲಿನಲ್ಲಿ ವಿಡಿಯೋ ಮಾಡಿ, ಯಾವ ಹೊತ್ತಿನಲ್ಲಿ ಬಂತು ಎಂದು ಬರೆದಿಟ್ಟು, ನರರೋಗ ತಜ್ಞರಿಗೆ ತೋರಿಸಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.