ಸೆಖೆಗೆ ಮದ್ದು 18 ಡಿಗ್ರಿ ಅಲ್ಲ

ಕಾರು ಹತ್ತಿದ ಕೂಡಲೇ ಎಸಿಯನ್ನು 18ಕ್ಕೆ ಇಳಿಸುವವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಇವತ್ತು ಭಾನುವಾರ. ಹೊರಗೆ ಕಾಲಿಡಲು ಮನಸ್ಸಿಲ್ಲದಷ್ಟು ಸೆಖೆ. ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಉಂಟು, ಕಾರಿನ ಮಾತು ಬೇಡ ಅನ್ನುವವರು ದಾಟಿಕೊಂಡು ಹೋಗಬಹುದು.

ನನ್ನ ತಕರಾರು ಇಷ್ಟೇ. ಮಂಗಳೂರು, ಉಡುಪಿ ಕಡೆ ನಮ್ಮನ್ನು ಹಿಂಡುವುದು ಬಿಸಿಲಿಗಿಂತ ಗಾಳಿಯ ತೇವ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 34 ಡಿಗ್ರಿ ಆಸುಪಾಸು ಇರುತ್ತದೆ. ಕಲಬುರಗಿಯಲ್ಲಿ 40 ದಾಟುತ್ತದೆ. ಆದರೂ ಅಲ್ಲಿಂದ ಬಂದ ನೆಂಟರು ಹಂಪನಕಟ್ಟೆಯಲ್ಲಿ ನಿಂತು "ನಿಮ್ಮೂರಲ್ಲಿ ಹೇಗಾದರೂ ಇರ್ತೀರಿ" ಅನ್ನುತ್ತಾರೆ. ಬೆವರು ಆರಿದರೆ ತಾನೇ ಮೈ ತಂಪಾಗೋದು? ಇಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಹಾಗಾಗಿ ಕಾರಿನ ಎಸಿಯಿಂದ ನಮಗೆ ಬೇಕಾದದ್ದು ಮಂಜುಗಡ್ಡೆ ತಂಪಲ್ಲ, ಒಣ ಗಾಳಿ. ಒಣಗಾಳಿ ಸಿಕ್ಕಿದರೆ 25 ಡಿಗ್ರಿಯಲ್ಲೂ ಹಾಯಾಗಿರಬಹುದು.

ಎಸಿ ಆ ಕೆಲಸವನ್ನೂ ಮಾಡುತ್ತದೆ. ಡ್ಯಾಶ್‌ಬೋರ್ಡ್ ಒಳಗಿರುವ ಕೂಲಿಂಗ್ ಕಾಯಿಲ್ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಅದರ ಮೂಲಕ ಹಾಯುವ ಗಾಳಿಯ ತೇವ ಅಲ್ಲೇ ನೀರಾಗಿ, ಪೈಪಿನಲ್ಲಿ ಇಳಿದು ರಸ್ತೆಗೆ ತೊಟ್ಟಿಕ್ಕುತ್ತದೆ. ನಿಲ್ಲಿಸಿದ ಕಾರಿನ ಅಡಿಯಲ್ಲಿ ನೀರು ಕಂಡು "ಎಂತದೋ ಲೀಕ್" ಅಂತ ಗ್ಯಾರೇಜಿಗೆ ಓಡುವವರಿದ್ದಾರೆ. ಬಣ್ಣ, ವಾಸನೆ, ಜಿಡ್ಡು ಇಲ್ಲದ ನೀರಾದರೆ ಹೆದರಬೇಡಿ. ಅಷ್ಟು ನೀರು ನಿಮ್ಮ ಸುತ್ತಲಿನ ಗಾಳಿಯಲ್ಲಿತ್ತು, ಈಗ ಇಲ್ಲ.

ಇನ್ನು ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ವಿಷಯ. ಕಾರಿಗೆ ಕಂಪನಿಯಿಂದಲೇ ಎಸಿ ಕೂರಿಸಿ ಮೊದಲು ಮಾರಿದ್ದು ಅಮೆರಿಕದ ಪ್ಯಾಕಾರ್ಡ್, 1939ರಲ್ಲಿ. ಬೇಕಾದ ಉಷ್ಣತೆ ಒಮ್ಮೆ ಹೇಳಿದರೆ ತಾನೇ ನೋಡಿಕೊಳ್ಳುವ ಈ ಆಟೋಮ್ಯಾಟಿಕ್ ವ್ಯವಸ್ಥೆ 1964ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಈಗ ನಮ್ಮ ಸಣ್ಣ ಕಾರುಗಳ ಮೇಲಿನ ವೇರಿಯಂಟ್‌ಗಳಲ್ಲೂ ಅದು ಇದೆ. ಆದರೆ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಅದಕ್ಕೆ ದುಡ್ಡು ಕೊಟ್ಟು, ಮತ್ತೆ ಅದನ್ನು ಹಳೆಯ ತಿರುಗಣೆ ಎಸಿಯ ಹಾಗೆಯೇ ಬಳಸುತ್ತಾರೆ.

ಅದು ಕೆಲಸ ಮಾಡುವ ರೀತಿ ಗೊತ್ತಾದರೆ ಕೈ ಸುಮ್ಮನಿರುತ್ತದೆ. ಸ್ಟೀರಿಂಗ್ ಹತ್ತಿರ ಸಣ್ಣ ಜಾಲರಿಯ ಹಿಂದೆ ಒಂದು ಸೆನ್ಸರ್ ಒಳಗಿನ ಗಾಳಿಯನ್ನು ಎಳೆದು ಅಳೆಯುತ್ತಿರುತ್ತದೆ. ಮುಂದಿನ ಬಂಪರ್ ಕಡೆ ಇನ್ನೊಂದು, ಹೊರಗಿನ ಉಷ್ಣತೆಗೆ. ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡದಲ್ಲಿ ಕಪ್ಪು ಗುಬುಟಿನಂಥದ್ದು ಕಾಣುತ್ತದಲ್ಲ, ಅದು ಬಿಸಿಲಿನ ಸೆನ್ಸರ್. ಇದೆಲ್ಲ ನೋಡಿಕೊಂಡು ಕಂಪ್ಯೂಟರ್ ಫ್ಯಾನಿನ ವೇಗ, ತಣ್ಣನೆ ಗಾಳಿಗೆ ಎಷ್ಟು ಬಿಸಿ ಗಾಳಿ ಬೆರೆಸಬೇಕು, ಗಾಳಿ ಮುಖಕ್ಕೋ ಕಾಲಿಗೋ ಎಂಬುದನ್ನು ತೀರ್ಮಾನಿಸುತ್ತದೆ. ನಮ್ಮಲ್ಲಿ ಆ ಗುಬುಟಿನ ಮೇಲೆಯೇ ಗಣಪತಿಯೋ ಮೇರಿ ಮಾತೆಯೋ ಕೂತಿರುತ್ತಾರೆ, ಇಲ್ಲದಿದ್ದರೆ ಟಿಶ್ಯೂ ಡಬ್ಬ. ದೇವರಿಗೆ ಜಾಗ ಕೊಡಿ, ಬೇಡ ಅನ್ನುವುದಿಲ್ಲ. ನಾಲ್ಕು ಬೆರಳು ಆಚೆ ಕೂರಿಸಿ. ಸೆನ್ಸರ್ ನೆರಳಲ್ಲಿದ್ದರೆ ಹೊರಗೆ ಬಿಸಿಲೇ ಇಲ್ಲ ಅಂತ ಅದು ತಿಳಿದುಕೊಳ್ಳುತ್ತದೆ.

ಈಗ 18ರ ವಿಷಯ. ನನ್ನ ಭಾವನವರು ಕಾರು ಹತ್ತಿದರೆ ಮೊದಲ ಮಾತೇ "ಎಂತ ಭಾವ, ಎಸಿ ಉಂಟಾ ಇಲ್ವಾ?" ಎರಡನೆಯದ್ದು ಬಟನ್ ಒತ್ತುವ ಶಬ್ದ. 24, 22, 20, 18. "ಸ್ವಲ್ಪ ಬೇಗ ತಂಪಾಗಲಿ ಭಾವ, ಆಮೇಲೆ ಜಾಸ್ತಿ ಮಾಡುವ."

ಬೇಗ ತಂಪಾಗುವುದಿಲ್ಲ, ಮಾರಾಯ್ರೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ 24 ಇಟ್ಟರೂ ಮೊದಲ ಕೆಲವು ನಿಮಿಷ ಅದು ಪೂರ್ತಿ ಶಕ್ತಿಯಲ್ಲೇ ಓಡುತ್ತದೆ. 18 ಇಟ್ಟರೂ ಅಷ್ಟೇ. ಅದಕ್ಕಿಂತ ಮೇಲಿನ ಶಕ್ತಿ ಅದರ ಹತ್ತಿರ ಇಲ್ಲ. ವ್ಯತ್ಯಾಸ ಬರುವುದು ಆಮೇಲೆ. 24 ಇಟ್ಟರೆ ಅದು ನಿಧಾನವಾಗಿ ಫ್ಯಾನ್ ಇಳಿಸಿ ಹದಕ್ಕೆ ತರುತ್ತದೆ. 18 ಇಟ್ಟರೆ ತಲುಪಲಾಗದ ಗುರಿಯ ಹಿಂದೆ ಓಡುತ್ತಲೇ ಇರುತ್ತದೆ. ಸುರತ್ಕಲ್ ದಾಟುವಷ್ಟರಲ್ಲಿ ಮುಂದೆ ಕೂತವರ ಬೆರಳು ಮರಗಟ್ಟಿ, ಎಸಿ ಆಫ್. ಮೂಲ್ಕಿಯಲ್ಲಿ ಮತ್ತೆ ಸೆಖೆ, ಮತ್ತೆ ಆನ್. ಹಿಂದಿನ ಸೀಟಿನಲ್ಲಿ ಅಮ್ಮ ಸೆರಗು ಹೊದ್ದುಕೊಂಡು ಕೂತಿರುತ್ತಾರೆ, ಒಂದು ಮಾತೂ ಆಡುವುದಿಲ್ಲ. ಮನೆಗೆ ಬಂದ ಮೇಲೆ ಮೊಣಕಾಲು ನೋವಿನ ಎಣ್ಣೆ ಹುಡುಕುತ್ತಾರೆ.

ಇನ್ನೊಂದು ರೀತಿಯವರೂ ಇದ್ದಾರೆ. ಆಟೋಮ್ಯಾಟಿಕ್‌ನ "ಆಟೋ" ಬಟನ್ ಒತ್ತಿದ ಕೂಡಲೇ ಫ್ಯಾನ್ ಜೋರಾಗಿ ಕೂಗುತ್ತದೆ, ಹೆದರಿ ಎರಡಕ್ಕೆ ಇಳಿಸುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಮುಟ್ಟಿದರೆ ಆಟೋ ದೀಪ ಆರುತ್ತದೆ. ಅಲ್ಲಿಗೆ ಅರ್ಧ ಕ್ಲೈಮೇಟ್ ಕಂಟ್ರೋಲ್ ಮುಗಿಯಿತು. ಆ ಕೂಗು ಮೊದಲು ಮಾತ್ರ, ಸ್ವಲ್ಪ ತಡೆದುಕೊಳ್ಳಿ. ಇಲ್ಲವೇ ಹೊರಡುವ ಮೊದಲೇ ನಾಲ್ಕೂ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ. ಕಾದ ಕಾವಲಿಯಂತಿರುವ ಡ್ಯಾಶ್‌ಬೋರ್ಡ್ ಸುತ್ತಲಿನ ಬಿಸಿ ಗಾಳಿಯನ್ನು ಹೊರಗೆ ಓಡಿಸುವುದಕ್ಕೆ ಅದಕ್ಕಿಂತ ಅಗ್ಗದ ಯಂತ್ರ ಇಲ್ಲ.

ಪರದೆ ಮೇಲಿನ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಅಲ್ಲಿ 24 ಅಂತ ಇದ್ದರೆ ಒಳಗೆ 24 ಇದೆ ಅಂತಲ್ಲ, ನೀವು ಕೇಳಿದ್ದು 24 ಅಂತ. ಡೆನ್ಮಾರ್ಕಿನ ಫಾಂಗರ್ ಎಂಬ ವಿಜ್ಞಾನಿ ಮೈಗೆ ಹಿತ ಅನ್ನಿಸುವುದು ಯಾವುದರಿಂದ ಅಂತ 1970ರ ಹೊತ್ತಿಗೆ ಲೆಕ್ಕ ಹಾಕಿಟ್ಟಿದ್ದಾರೆ. ಗಾಳಿಯ ಉಷ್ಣತೆ, ಸುತ್ತಲಿನ ವಸ್ತುಗಳಿಂದ ಬರುವ ಶಾಖ, ಗಾಳಿಯ ವೇಗ, ತೇವ, ಹಾಕಿದ ಬಟ್ಟೆ, ಮೈ ಮಾಡುತ್ತಿರುವ ಕೆಲಸ. ಆರರಲ್ಲಿ ನಮ್ಮ ಕೈಗೆ ಬಟನ್ ಆಗಿ ಸಿಗುವುದು ಎರಡೋ ಮೂರೋ.

ಅದಕ್ಕೇ ಸಂಜೆ ನಾಲ್ಕರ ನಂತರ ಮಂಗಳೂರಿನಿಂದ ಉಡುಪಿಗೆ ಹೊರಟರೆ ಜಗಳ ಗ್ಯಾರಂಟಿ. ಹೆದ್ದಾರಿ 66ರಲ್ಲಿ ಸಮುದ್ರ ಎಡಕ್ಕೆ, ಸೂರ್ಯನೂ ಎಡಕ್ಕೆ. ಪಡುಬಿದ್ರಿ, ಕಾಪು, ಕಟಪಾಡಿ ಉದ್ದಕ್ಕೂ ಎಡಗಡೆ ಕೂತವರ ಕೈ ಸುಡುತ್ತದೆ, ಬಲಗಡೆ ಡ್ರೈವರ್‌ಗೆ ಚಳಿ. ಒಂದೇ ಕಾರು, ಒಂದೇ 24. ಸಂಜೆ ಹೊತ್ತಿಗೇ ವಾಪಸ್ ಬಂದರೆ ಪಾತ್ರ ಅದಲು ಬದಲು. ಎಡ ಬಲಕ್ಕೆ ಬೇರೆ ಬೇರೆ ಉಷ್ಣತೆ ಕೊಡುವ ಡ್ಯುಯಲ್ ಝೋನ್ ಇದಕ್ಕೆ ಸ್ವಲ್ಪ ಉತ್ತರ. ಆದರೆ ಮೊಣಕೈಗೆ ಮೊಣಕೈ ತಾಗುವ ಸಣ್ಣ ಕಾರಿನಲ್ಲಿ ಎರಡು ಹವಾಮಾನ ಎಂಬುದು ಜಾಹೀರಾತಿಗೆ ಚಂದ. ಹಾಗಂತ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಲು ಹೋಗಬೇಡಿ. ಕಪ್ಪು ಫಿಲ್ಮನ್ನು 2012ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿದೆ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ್ದರಲ್ಲಿ ಶೇ. 50 ಬೆಳಕು ಒಳಗೆ ಬರಲೇಬೇಕು ಎಂಬುದು ನಿಯಮ.

ಇಷ್ಟೆಲ್ಲ ಬೇಸಿಗೆಯದ್ದಾಯಿತು. ಕ್ಲೈಮೇಟ್ ಕಂಟ್ರೋಲ್‌ಗೆ ನಮ್ಮೂರಲ್ಲಿ ನಿಜವಾದ ಪರೀಕ್ಷೆ ಮಳೆಗಾಲ.

ಜುಲೈಯಲ್ಲಿ ಹೊರಗೆ 25, 26 ಡಿಗ್ರಿ. "ತಂಪು ಉಂಟಲ್ಲ, ಎಸಿ ಯಾಕೆ?" ಅಂತ ಆಫ್ ಮಾಡುತ್ತಾರೆ. ಒಳಗೆ ಒದ್ದೆ ಕೊಡೆ, ಒದ್ದೆ ಮ್ಯಾಟು, ನಾಲ್ಕು ಜನರ ಉಸಿರು. ಎರಡು ನಿಮಿಷದಲ್ಲಿ ಗಾಜು ಬೆಳ್ಳಗೆ. ನಮ್ಮ ಬಜೆಟ್ಟಿನ ಹೆಚ್ಚಿನ ಕಾರುಗಳಲ್ಲಿ ತೇವ ಅಳೆಯುವ ಸೆನ್ಸರ್ ಇರುವುದಿಲ್ಲ, ಅದಕ್ಕೆ ಗೊತ್ತಿರುವುದು ಉಷ್ಣತೆ ಮಾತ್ರ. ಹಾಗಾಗಿ ಮಳೆಯಲ್ಲಿ ಎಸಿ ದೀಪ ಉರಿಯುತ್ತಲೇ ಇರಲಿ, ಉಷ್ಣತೆ 25, 26ಕ್ಕೆ ಏರಿಸಿ. ಆಗ ಗಾಳಿ ಮೊದಲು ಕಾಯಿಲ್‌ನಲ್ಲಿ ತಣ್ಣಗಾಗಿ ನೀರು ಬಿಡುತ್ತದೆ, ಆಮೇಲೆ ಎಂಜಿನ್ ಬಿಸಿಯಿಂದ ಸ್ವಲ್ಪ ಕಾದು ಒಣಗಿ ಬರುತ್ತದೆ. ಎಸಿಯೂ ಹೀಟರೂ ಒಟ್ಟಿಗಾ ಅಂತ ಕೆಲವರಿಗೆ ಸಂಕಟ. ಪೆಟ್ರೋಲ್ ಸ್ವಲ್ಪ ಹೋಗುತ್ತದೆ, ಹೌದು. ಹೆದ್ದಾರಿಯ ಮಳೆಯಲ್ಲಿ ಎದುರಿನದು ಕಾಣುವುದಕ್ಕೆ ಅಷ್ಟು ಕೊಡಬಹುದು ಅಲ್ವಾ?

ಗಾಜಿನ ಮಬ್ಬಿನಲ್ಲಿ ಎರಡು ಬಗೆ ಇದೆ. ಇದನ್ನು ಡ್ರೈವಿಂಗ್ ಸ್ಕೂಲ್‌ನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಬೆರಳಲ್ಲಿ ಒಳಗಿನಿಂದ ಒರೆಸಿದಾಗ ಗೆರೆ ಬಿದ್ದರೆ ಅದು ಒಳಮಬ್ಬು. ಮಳೆ ಬಿದ್ದು ಗಾಜು ತಣ್ಣಗಾಗಿದೆ, ಒಳಗಿನ ತೇವ ಅದರ ಮೇಲೆ ಕೂತಿದೆ. ಎಸಿ ಆನ್, ಹೊರಗಿನ ಗಾಳಿ ಒಳಕ್ಕೆ, ಮುಂದಿನ ಡಿಫಾಗರ್ (ಗಾಜಿಗೆ ಗಾಳಿ ಊದಿ ಮಬ್ಬು ತೆಗೆಯುವ) ಬಟನ್. ಒಂದು ನಿಮಿಷದಲ್ಲಿ ಸರಿಯಾಗುತ್ತದೆ.

ಬೆರಳಿಗೆ ಏನೂ ಆಗದೆ ವೈಪರ್ ಹಾಕಿದರೆ ಮಾತ್ರ ಹೋದರೆ ಅದು ಹೊರಮಬ್ಬು. ಇದು ಎಸಿ ಜಾಸ್ತಿ ತಣ್ಣಗಿಟ್ಟವರಿಗೆ ಬರುವ ರೋಗ. ಹೊರಗೆ 26 ಡಿಗ್ರಿ, ತೇವಾಂಶ ಶೇ. 90 ಇದ್ದರೆ, 24ಕ್ಕಿಂತ ತಣ್ಣಗಿರುವ ಯಾವ ಗಾಜಿನ ಮೇಲೂ ನೀರು ಕೂರುತ್ತದೆ. ನೀವು ಒಳಗಿನಿಂದ 18ಕ್ಕಿಟ್ಟ ಎಸಿಯ ಗಾಳಿಯನ್ನು ಗಾಜಿಗೆ ಊದುತ್ತಿದ್ದೀರಿ. ಮಬ್ಬು ಕಂಡು ಗಾಬರಿಯಾಗಿ ಅದೇ ತಣ್ಣನೆ ಗಾಳಿಯನ್ನು ಇನ್ನೂ ಜೋರು ಮಾಡುತ್ತೀರಿ, ಅದು ಇನ್ನೂ ಜಾಸ್ತಿಯಾಗುತ್ತದೆ. ವೈಪರ್ ಒಮ್ಮೆ ಹಾಕಿ, ಗಾಳಿಯನ್ನು ಗಾಜಿನಿಂದ ತಪ್ಪಿಸಿ, ಉಷ್ಣತೆ ಏರಿಸಿ. ಬೆಳಗಿನ ಜಾವ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವವರು ಇದೊಂದನ್ನಾದರೂ ನೆನಪಿಡಿ. ಅಲ್ಲಿ ತಿರುವಿನಲ್ಲಿ ಬಟನ್ ಹುಡುಕುತ್ತಾ ಕೂರುವ ಹಾಗಿಲ್ಲ.

ಒಳಗಿನ ಗಾಳಿಯನ್ನೇ ತಿರುಗಿಸುವ ರೀಸರ್ಕ್ಯುಲೇಷನ್ ಬಟನ್ ಕರಾವಳಿಯವರಿಗೆ ಬಹಳ ಹತ್ತಿರದ್ದು. ಕಾರಣ ಮೀನಿನ ಲಾರಿ. ಮುಂದೆ ನೀರು ಸುರಿಸುತ್ತಾ ಹೋಗುವ ಲಾರಿ ಕಂಡ ತಕ್ಷಣ ಕೈ ತಾನಾಗಿ ಆ ಬಟನ್‌ಗೆ ಹೋಗುತ್ತದೆ. (ಮಲ್ಪೆಯಿಂದ ನಾವೇ ಮೀನು ತಂದರೆ ಡಿಕ್ಕಿಯಲ್ಲಿಟ್ಟು ಅದೇ ಬಟನ್ ಒತ್ತುವವರೂ ಇದ್ದಾರೆ. ವಾಸನೆ ಒಳಗೇ ಇದೆ ಸ್ವಾಮಿ.) ಲಾರಿ ದಾಟಿದ ಮೇಲೆ ಅದನ್ನು ತೆಗೆಯಲು ಮರೆಯುತ್ತೇವೆ. ತುಂಬಿದ ಕಾರಿನಲ್ಲಿ ಅದೇ ಗಾಳಿ ಸುತ್ತುತ್ತಾ ಇದ್ದರೆ ಇಂಗಾಲದ ಡೈ ಆಕ್ಸೈಡ್ ಏರುತ್ತದೆ, ತಲೆ ಭಾರ, ಕಣ್ಣು ಎಳೆಯುತ್ತದೆ. ರಾತ್ರಿ ಶಿರಾಡಿ ಘಾಟಿಯಲ್ಲಿ ಕಾಫಿಗಿಂತ ಮೊದಲು ಆ ಬಟನ್ ನೋಡಿ. ಸೆಖೆ ಜಾಸ್ತಿ ಇದ್ದಾಗ ಎಷ್ಟೋ ಕಾರುಗಳು ಆಟೋದಲ್ಲಿ ತಾವೇ ಒಳಗಾಳಿಗೆ ಹೋಗುತ್ತವೆ, ಅದೂ ಗೊತ್ತಿರಲಿ. ಅಂದ ಹಾಗೆ, ಈಗ ಹೊಸದಾಗಿ ತಯಾರಾಗುವ ಮಧ್ಯಮ, ಭಾರೀ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಇದು ಯಾವತ್ತೋ ಬರಬೇಕಿತ್ತು.

ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆ ಕೂಡ ಇದೇ ತೇವದ ಕತೆ. ಕಾಯಿಲ್ ಒದ್ದೆಯಾಗಿಯೇ ಉಳಿದರೆ ಬೂಸು ಹಿಡಿಯುತ್ತದೆ. ಮನೆ ತಲುಪಲು ಮೂರು ನಾಲ್ಕು ನಿಮಿಷ ಇರುವಾಗ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸಿದರೆ ಅದು ಒಣಗುತ್ತದೆ. ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಮಳೆಗಾಲ ಮುಗಿದ ಮೇಲೆ ಬದಲಿಸಿ. ಸೆಂಟ್ ಬಾಟಲಿ ತೂಗಿಸಿದರೆ ಬೂಸಿನ ಜೊತೆ ಮಲ್ಲಿಗೆ ವಾಸನೆಯೂ ಸೇರುತ್ತದೆ, ಅಷ್ಟೇ.

ಹಾಗಾದರೆ ಆಟೋ ಬೇಕಾ, ಬೇಡವಾ? ನನ್ನನ್ನು ಕೇಳಿದರೆ, ಎರಡರಲ್ಲಿ ಒಂದೇ ಆರಿಸಬೇಕಾದರೆ ಹಿಂದಿನ ಸೀಟಿಗೆ ಎಸಿ ವೆಂಟ್ ಮೊದಲು, ಆಟೋ ಆಮೇಲೆ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಹಿಂದೆ ಕೂರುವವರಾದರೆ ಇದರಲ್ಲಿ ಚರ್ಚೆಯೇ ಇಲ್ಲ. ಗಮನ ಇಟ್ಟು ಓಡಿಸುವವರು ತಿರುಗಣೆ ಎಸಿಯಲ್ಲೂ ಇದನ್ನೆಲ್ಲ ಮಾಡಬಹುದು. ಆದರೆ ನಂತೂರು ಸರ್ಕಲ್‌ನಲ್ಲಿ ನಾಲ್ಕೂ ಕಡೆಯಿಂದ ಬಸ್ಸು ನುಗ್ಗುವಾಗ ಎಸಿಯ ಕಡೆ ಗಮನ ಯಾರಿಗಿರುತ್ತದೆ? ಆಟೋದ ಬೆಲೆ ನನಗೆ ಅಲ್ಲಿ ಕಾಣುತ್ತದೆ. ಕೈ ಸ್ಟೀರಿಂಗ್ ಬಿಡಬೇಕಿಲ್ಲ. ಈಗಿನ ಕೆಲವು ಹೊಸ ಕಾರುಗಳಲ್ಲಿ ಎಸಿಯ ಎಲ್ಲ ಬಟನ್‌ಗಳನ್ನೂ ಟಚ್ ಸ್ಕ್ರೀನ್ ಒಳಗೆ ತುರುಕಿರುವುದು ಇದಕ್ಕೇ ನನಗೆ ಸರಿ ಕಾಣುವುದಿಲ್ಲ. ಹೊಂಡದ ರಸ್ತೆಯಲ್ಲಿ ಒದ್ದೆ ಬೆರಳಲ್ಲಿ ಡಿಫಾಗರ್ ಹುಡುಕಿ ನೋಡಿ, ಗೊತ್ತಾಗುತ್ತದೆ.

ಶೋರೂಮಿಗೆ ಹೋಗುವವರಿಗೆ ಒಂದು ಸಲಹೆ. ಟೆಸ್ಟ್ ಡ್ರೈವ್‌ಗೆ ಬೆಳಿಗ್ಗೆ ಹತ್ತಕ್ಕೆ ಕರೆಯುತ್ತಾರೆ, ಕಾರನ್ನು ಮೊದಲೇ ಎಸಿ ಹಾಕಿ ತಣ್ಣಗೆ ಮಾಡಿಟ್ಟಿರುತ್ತಾರೆ. ಮಧ್ಯಾಹ್ನ ಎರಡಕ್ಕೆ ಬರ್ತೇನೆ, ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿಡಿ ಅನ್ನಿ. ಮನೆಯವರನ್ನು ಕರೆದುಕೊಂಡು ಹೋಗಿ ಹಿಂದೆ ಕೂರಿಸಿ. 24 ಆಟೋ ಹಾಕಿ, ಕೊಟ್ಟಾರದಿಂದ ಸುರತ್ಕಲ್ ತನಕ ಏನೂ ಮುಟ್ಟದೆ ಓಡಿಸಿ. ಬೇಕಾ ಬೇಡವಾ ಅಂತ ಹಿಂದೆ ಕೂತವರೇ ಹೇಳುತ್ತಾರೆ.