ಹೇಮಾವತಿಗೆ ಬಾಗಿನ, ಹುಡುಗರಿಗೆ ಟೋಪಿ

ಆ ಪ್ರಕಟಣೆ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಹಾಸನದಲ್ಲಿ ಅದು ತಲುಪದ ವಾಟ್ಸಾಪ್ ಗುಂಪಿಲ್ಲ. ನಮ್ಮ ಬೀದಿಯ ಹಾಲಿನ ಲೆಕ್ಕದ ಗುಂಪಿಗೇ ಮೂರು ಸಲ ಬಂತು. ‘ಯುವಜನರಿಗೆ ನದಿ ಸಂರಕ್ಷಣಾ ಇಂಟರ್ನ್‌ಶಿಪ್’ ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಪೇಯ್ಡ್’.

ಸಕಲೇಶಪುರದ ಕಡೆಯಿರುವ ನನ್ನ ಅಕ್ಕನ ಮಗ ಸಸ್ಯಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಆಗ ವರ್ಷದಿಂದ ಮನೆಯಲ್ಲಿದ್ದ. ಹೊಳೆಮತ್ತಿ ಯಾವುದು, ಕರಿಮತ್ತಿ ಯಾವುದು ಎಂದು ಕತ್ತಲಲ್ಲೂ ತೊಗಟೆ ಸವರಿ ಹೇಳಬಲ್ಲ ಹುಡುಗ. ಖುಷಿಯಿಂದ ಫೋನ್ ಮಾಡಿ, ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದ. ಅತ್ತಲಿಂದ ಬಹಳ ವಿನಯದ ಉತ್ತರ ಬಂತು: ‘ಕೊಡಬೇಕಾದವರು ನೀವು. ನೋಂದಣಿಗೆ 1,500 ರೂಪಾಯಿ.’

ಅವರು ಸುಳ್ಳು ಹೇಳಿಲ್ಲ, ನೋಡಿ. ಪೇಯ್ಡ್ ಎಂದರೆ ಪೇಯ್ಡ್. ಯಾರು ಯಾರಿಗೆ ಎಂದು ಆ ಪದ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಬರೆದಿದ್ದರೆ ವಿಭಕ್ತಿ ಪ್ರತ್ಯಯಗಳ ಕಾಟ; ‘ನಿಮಗೆ’ ಎಂದೋ ‘ನಿಮ್ಮಿಂದ’ ಎಂದೋ ಒಂದನ್ನು ಹೇಳಲೇಬೇಕಾಗುತ್ತಿತ್ತು. ಪ್ರಕಟಣೆಯ ಆ ಒಂದೇ ಒಂದು ಪದ ಇಂಗ್ಲಿಷ್ ಲಿಪಿಯಲ್ಲಿ ಏಕಿತ್ತು ಎಂಬುದು ನನಗೆ ಆಗ ಹೊಳೆಯಿತು.

ಹಾಗೆಂದು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಹದಿನೈದು ದಿನ ಮೊಣಕಾಲುದ್ದ ಕೆಸರಿನಲ್ಲಿ ಕಸ ಹೆಕ್ಕಿದವರಿಗೆ ಒಂದು ಟೀಶರ್ಟ್, ಒಂದು ಪ್ರಮಾಣಪತ್ರ, ಒಂದು ಟೋಪಿ. ಟೋಪಿಯನ್ನು ಅತಿಥಿಗಳೇ ಸ್ವತಃ ಹಾಕುತ್ತಾರಂತೆ. ಅದರಲ್ಲಿ ಅವರಿಗೆ ಅನುಭವವೂ ಇದೆ.

‘ಇದು ಸೇವೆ, ಸೇವೆಗೆ ಬೆಲೆ ಕಟ್ಟಬಾರದು’ ಎಂದು ಹುಡುಗನಿಗೆ ತಿಳಿಹೇಳಿದರಂತೆ. ಒಪ್ಪತಕ್ಕ ಮಾತು. ಆದರೆ ಉದ್ಘಾಟನೆಯ ದಿನ ಶಾಮಿಯಾನದವರಿಗೆ ದುಡ್ಡು, ಮೈಕ್‌ಸೆಟ್ಟಿನವರಿಗೆ ದುಡ್ಡು, ಉಪ್ಪಿಟ್ಟು ಕೇಸರಿಬಾತಿನವರಿಗೆ ದುಡ್ಡು. ಮುಂಗಡ ಕೊಡದಿದ್ದರೆ ಹೂವಿನ ಅಂಗಡಿಯವರು ಹಾರಕ್ಕೆ ದಾರವನ್ನೂ ಮುಟ್ಟುವುದಿಲ್ಲ. ನೀರಿಗೆ ಇಳಿಯುವವನದು ಮಾತ್ರ ಸೇವೆ. ಯಾವುದಾದರೂ ಕಾಫಿ ತೋಟದಲ್ಲಿ ನೆರಳುಮರದ ಕೊಂಬೆ ಸವರಿ ಮರಗಸಿ ಮಾಡಿದ ಆಳಿಗೆ ಸಂಜೆ ಕೂಲಿಯ ಬದಲು ಪ್ರಮಾಣಪತ್ರ ಕೊಟ್ಟು ನೋಡಿ. ಕತ್ತಿ ಇನ್ನೂ ಅವನ ಕೈಯಲ್ಲೇ ಇರುತ್ತದೆ, ಸ್ವಲ್ಪ ದೂರ ನಿಂತು ಕೊಡಿ.

ಹೊಳೆಗೆ ನಮ್ಮವರು ಖರ್ಚೇ ಮಾಡುವುದಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟೆ ತುಂಬಿ ನೀರು 2,922 ಅಡಿ ಮುಟ್ಟಲಿ, ಆಮೇಲೆ ನೋಡಿ ವೈಭವ. ಕಾರುಗಳ ಸಾಲು, ಓಲಗ, ಹೊಸ ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ, ಕನ್ನಡಿ, ಬಾಚಣಿಗೆ. ನನ್ನ ಅಜ್ಜಿ ಗೌರಿಹಬ್ಬದ ಬಾಗಿನಕ್ಕೆ ಒಂದೊಂದು ಸಾಮಾನನ್ನೂ ತಿರುಗಿಸಿ ನೋಡಿ ಇಡುತ್ತಿದ್ದಳು. ಒಡಕು ಬಳೆ ಕೊಟ್ಟರೆ ತೆಗೆದುಕೊಂಡ ಮುತ್ತೈದೆ ಏನಂದುಕೊಂಡಾಳು ಎಂಬ ಅಂಜಿಕೆ. ಹೇಮಾವತಿಗೆ ಆ ಗೌರವ ಇಲ್ಲ. ಬಳೆಯೂ ಪ್ಲಾಸ್ಟಿಕ್, ಬಾಚಣಿಗೆಯೂ ಪ್ಲಾಸ್ಟಿಕ್, ಎಲ್ಲವನ್ನೂ ಸುತ್ತಿದ ಹೊದಿಕೆಯೂ ಪ್ಲಾಸ್ಟಿಕ್. ಫೋಟೋದವರು ಇನ್ನೊಮ್ಮೆ ಎಂದರೆ ಇನ್ನೊಂದು ಮೊರ. ಮರುದಿನದಿಂದ ತುಮಕೂರಿಗೆ ಎಷ್ಟು ನೀರು ಬಿಟ್ಟರು ಎಂಬ ಜಗಳ ಶುರು. ದಡಕ್ಕೆ ಬಂದು ಬಿದ್ದ ಬಾಚಣಿಗೆ ಹೆಕ್ಕುವುದಕ್ಕೆ 1,500 ರೂಪಾಯಿ ಕಟ್ಟಿದ ಹುಡುಗರು ಇದ್ದಾರಲ್ಲ.

ಈ ಹುಡುಗನಿಗೆ ಆಗ ರಾಜ್ಯ ಸರ್ಕಾರದ ಯುವನಿಧಿ ಬರುತ್ತಿತ್ತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ, ಕೆಲಸ ಸಿಗದಿದ್ದರೆ ಮಾತ್ರ. ಅಂದರೆ ಕೆಲಸವಿಲ್ಲದೆ ಕೂತಿದ್ದಕ್ಕೆ ಬಂದ ಹಣದಲ್ಲಿ ಸರಿಯಾಗಿ ಅರ್ಧವನ್ನು ಕೆಲಸ ಮಾಡುವುದಕ್ಕೆ ಕಟ್ಟಬೇಕು. ಕೇಂದ್ರದವರೂ ಹಿಂದೆ ಬಿದ್ದಿಲ್ಲ. 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಘೋಷಿಸಿ ತಿಂಗಳಿಗೆ 5,000 ಎಂದರು. ಆದರೆ ಅದು ದೇಶದ 500 ದೊಡ್ಡ ಕಂಪನಿಗಳಲ್ಲಿ. ಹೇಮಾವತಿ ಇನ್ನೂ ಷೇರುಪೇಟೆಗೆ ಹೋಗಿಲ್ಲ. ಉದ್ಯೋಗ ಖಾತರಿಯಲ್ಲಿ ಮಣ್ಣು ಹೊತ್ತವರಿಗೂ 2025–26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಹಾಗಾಗಿ ಮಾವನಾಗಿ ನಾನು ಕೊಟ್ಟ ಸಲಹೆ: ‘ಪದವಿ ವಿಷಯ ಯಾರಿಗೂ ಹೇಳಬೇಡ, ಗುದ್ದಲಿ ತೆಗೆದುಕೊಂಡು ಪಂಚಾಯಿತಿಗೆ ಹೋಗು.’

ಹೊಳೆ ಕಾಯುವ ಹುಡುಗರಿಗೆ ಕೊಡಲು ಸರ್ಕಾರದಲ್ಲಿ ದುಡ್ಡಿಲ್ಲ ಎನ್ನುತ್ತಾರೆ. ಇಲ್ಲದಿರಬಹುದು, ಎಲ್ಲವೂ ಎತ್ತಿನಹೊಳೆ ಯೋಜನೆಗೆ ಹೋಗಿರುತ್ತದೆ. ನಮ್ಮದೇ ಸಕಲೇಶಪುರ ತಾಲ್ಲೂಕಿನ ಹಳ್ಳಗಳಿಂದ 24 ಟಿಎಂಸಿ ನೀರೆತ್ತಲು ಆಗಿರುವ ಅಂದಾಜು 23,251 ಕೋಟಿ ರೂಪಾಯಿ. ಬೇಸರವಾದಾಗ ಲೆಕ್ಕ ಹಾಕುವ ಚಟ ನನ್ನದು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯಲ್ಲಿ 17.76 ಲಕ್ಷ ಜನ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜನವರೆಗೆ ಎಲ್ಲರನ್ನೂ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ನದಿಗೆ ಇಂಟರ್ನ್ ಮಾಡಿಕೊಂಡರೂ ಇನ್ನೂ 1,900 ಕೋಟಿಗೂ ಹೆಚ್ಚು ಮಿಗುತ್ತದೆ. ಆ ಮೊತ್ತದಲ್ಲಿ ಎಷ್ಟು ಟೋಪಿಯಾಗುತ್ತದೆ ಎಂಬ ಲೆಕ್ಕವನ್ನು ತಿಳಿದವರಿಗೆ ಬಿಟ್ಟಿದ್ದೇನೆ.

ಹುಡುಗನೇ ಎಲ್ಲೋ ಓದಿಕೊಂಡು ಬಂದು ಹೇಳಿದ. 1933ರಲ್ಲಿ ಅಮೆರಿಕದಲ್ಲಿ ಕೆಲಸವಿಲ್ಲದ ಹುಡುಗರನ್ನು ಕಾಡು, ಮಣ್ಣು, ಹೊಳೆಗಳ ರಕ್ಷಣೆಗೆ ಹಾಕಿ ತಿಂಗಳಿಗೆ 30 ಡಾಲರ್ ಕೊಟ್ಟರಂತೆ. ಊಟ, ವಸತಿ ಬೇರೆ. ಅದರಲ್ಲಿ 25 ಡಾಲರ್ ನೇರ ಮನೆಗೆ ಹೋಗಬೇಕು ಎಂಬ ಕಟ್ಟುಪಾಡು. ಒಂಬತ್ತು ವರ್ಷದಲ್ಲಿ ಸುಮಾರು 30 ಲಕ್ಷ ಹುಡುಗರು 300 ಕೋಟಿಯಷ್ಟು ಗಿಡ ನೆಟ್ಟರು. ಪಾಪ, ಸೇವೆಯ ಪಾವಿತ್ರ್ಯ ಅವರಿಗೆ ಗೊತ್ತಿರಲಿಲ್ಲ.

ನಗಿಸುವ ಕೆಲಸ ಇವತ್ತಿಗೆ ಇಷ್ಟೇ ಆಗುವುದು. ಕಾಫಿ ಹಣ್ಣಿನ ಕಾಲದಲ್ಲಿ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಹರಿದು ಹಳ್ಳ ಕಪ್ಪಾಗಿ ನಾರುವುದನ್ನು ಕಂಡವರಲ್ಲಿ, ಹೊಳೆಯಲ್ಲಿ ಕೆಲಸ ಇಲ್ಲ ಎಂದು ಯಾರು ಹೇಳುತ್ತಾರೆ? ಯಾವ ಹಳ್ಳಕ್ಕೆ ಯಾವ ತೋಟದ ನೀರು ಬೀಳುತ್ತದೆ ಎಂದು ನಡೆದು ನೋಡಿ ಬರೆದಿಡಬೇಕು. ದಡಕ್ಕೆ ಹೊಳೆಮತ್ತಿಯನ್ನೂ ಹೊಂಗೆಯನ್ನೂ ನೆಟ್ಟು ಮೂರು ಬೇಸಿಗೆ ಕಾಯಬೇಕು. ಬೇಸಿಗೆಗೆ ಮುಂಚೆ ಗುಡ್ಡದ ಹುಲ್ಲುಗಾವಲಿನಲ್ಲಿ ಬೆಂಕಿರೇಖೆ ಕೆರೆಯಬೇಕು. ಇದೆಲ್ಲ ಹದಿನೈದು ದಿನದ ಜಾತ್ರೆಯಲ್ಲ, ವರ್ಷವಿಡೀ ಹೊಟ್ಟೆ ತುಂಬಿದವನು ಮಾಡಬೇಕಾದ ಕೆಲಸ. ಮಾಡಬಲ್ಲ ಹುಡುಗ ಮನೆಯಲ್ಲೇ ಇದ್ದ. ಹೋದ ತಿಂಗಳು ಬೆಂಗಳೂರಿಗೆ ಹೋದ, ಊಟದ ಪೊಟ್ಟಣ ತಲುಪಿಸುತ್ತಾನೆ.

ಹೋಗುವ ಮುಂಚೆ ಆ ಶಿಬಿರಕ್ಕೂ ಹೋಗಿಬಂದ, ಪೆದ್ದ. ಪ್ರಮಾಣಪತ್ರದಲ್ಲಿ ಅವನ ಹೆಸರು ತಪ್ಪಾಗಿದೆ. ಆದರೂ ಅಕ್ಕ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾಳೆ. ಟೋಪಿಯನ್ನು ಗದ್ದೆಯ ಬೆರ್ಚಪ್ಪನಿಗೆ ಹಾಕಿದ್ದಳು, ಮೊನ್ನೆ ಆನೆ ಬಂದು ಬೆರ್ಚಪ್ಪನ ಸಮೇತ ತುಳಿದುಹೋಯಿತಂತೆ.